ಅಮರಗುಂಡಪ್ಪ ಮಾಡಿದ ನೀರಿನ ಪೆಟ್ಟಿಗೆ

ಲಿಂಗಸುಗೂರಿನ ಬಸ್ ನಿಲ್ದಾಣದ ಎದುರು ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಅಮರಗುಂಡಪ್ಪನಿಗೆ ಕರೆಂಟು ಉಳಿಸುವುದೆಂದರೆ ಒಂದು ವ್ರತ. ಗುರುಗುಂಟಾ ಕಡೆಯ ಕುರಿಗಾರರು ಸವೆದ ಸೆಲ್ಲುಗಳನ್ನು ಬಿಸಿಲಿಗೆ ಒಣಹಾಕಿ, ಮತ್ತೆ ರೇಡಿಯೊಗೆ ತುರುಕಿ ಹಾಡು ಕೇಳುತ್ತಿದ್ದ ಕಾಲ. ಇವನ ಕೈಗೆ ಬಂದು ಹೋದ ರೇಡಿಯೊ ಸೆಲ್ಲು ಕಡಿಮೆ ತಿನ್ನುತ್ತದೆ ಎಂಬ ಹೆಸರು ಮುದಗಲ್‌ವರೆಗೂ ಹಬ್ಬಿತ್ತು. ಮನೆಯಲ್ಲೂ ಅದೇ ಚಾಳಿ. ಹೆಂಡತಿ ಕಸ್ತೂರೆಮ್ಮ ಲೈಟು ಹಾಕಿದರೆ ಸಾಕು, ಈತ ಹಿಂದೆಯೇ ಹೋಗಿ ಆರಿಸುತ್ತಿದ್ದ. ಎಷ್ಟೋ ಸಲ ಆಕೆ ಒಳಗೇ ಇರುತ್ತಿದ್ದಳು.

ಇಂಥ ಮನುಷ್ಯನಿಗೂ ಒಂದು ಕೊರಗು. ಇಷ್ಟು ವರ್ಷ ಮಾಡಿದ್ದೆಲ್ಲ ಬೇರೆ ಯಾರೋ ಮಾಡಿದ್ದರ ರಿಪೇರಿ. ಇದು ನಾನು ಮಾಡಿದ್ದು ಎಂದು ತೋರಿಸಲು ಸುತ್ತ ಯಾವ ಊರಲ್ಲೂ ಒಂದು ಸಾಮಾನು ಇರಲಿಲ್ಲ. ತೊಂಬತ್ತರ ದಶಕದಲ್ಲಿ ಮನೆಮನೆಗೆ ಟಿ.ವಿ. ಬಂದು ರೇಡಿಯೊಗಳು ಅಟ್ಟ ಸೇರಿದಾಗ, ತಲೆ ನರೆತವನು ನಾಚದೆ ರಾಯಚೂರಿಗೆ ಓಡಾಡಿ ಮೈಕ್ರೋಕಂಟ್ರೋಲರ್ ವಿದ್ಯೆ ಕಲಿತು ಬಂದ. ಬೆರಳುದ್ದದ ಚಿಪ್ಪು; ಒಮ್ಮೆ ಹೇಳಿಕೊಟ್ಟರೆ ಹೇಳಿದಂತೆ ಕೇಳುತ್ತದೆ. ಕಸ್ತೂರೆಮ್ಮನಿಗೆ ಆ ಗುಣ ಬಹಳ ಹಿಡಿಸಿತು.

ಸಿಂಧನೂರಿನಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ವೀರಭದ್ರಮ್ಮನಿಗೆ ಭತ್ತ ನೆನೆಸುವ ತೊಟ್ಟಿಯದೇ ಚಿಂತೆ. ನೀರು ಇಳಿದರೆ ತಾನೇ ಮೋಟಾರು ಶುರುವಾಗಬೇಕು, ತುಂಬಿದರೆ ತಾನೇ ನಿಲ್ಲಬೇಕು, ನೆನೆಸುವ ವೇಳೆ ಮುಗಿದರೆ ಗಂಟೆ ಬಾರಿಸಬೇಕು. ಅಮರಗುಂಡಪ್ಪ ನಾನು ಮಾಡುತ್ತೇನೆ ಎಂದ. ಆಕೆ ಖಡಾಖಂಡಿತವಾಗಿ ಹೇಳಿದಳು: "ಒಂದು ದಿನ ಹಚ್ಚಿ ನೋಡೋಣ. ಸರಿ ಹೋತು, ಇಟ್ಕೋತೀನಿ. ಇಲ್ಲಾಂದ್ರ ಬಿಚ್ಚಿ ನಿನ್ನ ಕೈಗೇ ಕೊಡ್ತೀನಿ, ಬ್ಯಾಸರ ಮಾಡ್ಕೋಬ್ಯಾಡ."

ಪೆಟ್ಟಿಗೆಯ ಗುಟ್ಟು ದೊಡ್ಡದೇನಲ್ಲ. ತೊಟ್ಟಿಯ ಅಂಚಿನ ತಗಡಿನ ಡಬ್ಬಿಯಲ್ಲಿ ಒಂದು ಟ್ರಾನ್ಸಿಸ್ಟರು. ನೀರು ಬಂದು ಡಬ್ಬಿಯ ತಂತಿಗೆ ತಾಗಿದರೆ ಆ ಟ್ರಾನ್ಸಿಸ್ಟರು ಚಿಪ್ಪಿಗೆ ಹೋಗುವ ತಂತಿಯ ವೋಲ್ಟನ್ನು ಕೆಳಕ್ಕೆ ಜಗ್ಗುತ್ತದೆ, 'ನೀರು ತುಂಬಿತು' ಎಂದು ಹೇಳಿದಂತೆ. ನೀರಿಲ್ಲದಾಗ ಅದೇ ತಂತಿಯನ್ನು ಮೇಲಕ್ಕೆತ್ತಿ ಹಿಡಿಯಲು ಒಂದು ರೆಸಿಸ್ಟರು ಬೇಕು. ಕರೆಂಟಿಗೆ ಅದು ಒಡ್ಡುವ ತಡೆ ಎಷ್ಟಿರಬೇಕು? ಸೆಲ್ಲು ಉಳಿಸಿ ಹೆಸರಾದ ಕೈ ಹಿಂದೆಮುಂದೆ ನೋಡದೆ ಹತ್ತು ಲಕ್ಷ ಓಮಿನದನ್ನು ಹಾಕಿತು. ಕರೆಂಟು ಹರಿಯುವುದು ಇರುವೆ ತಿಂದಷ್ಟು. ಅಂಗಡಿಯ ಬಕೆಟ್ಟಿನಲ್ಲಿ ಎಲ್ಲ ಸೊಗಸಾಗಿ ನಡೆಯಿತು.

ಗಿರಣಿಯಲ್ಲೂ ಬೆಳಗ್ಗೆ ಸೊಗಸಾಗಿಯೇ ನಡೆಯಿತು. ಬಾಯ್ಲರಿನ ದಾವಲ್‌ಸಾಬ್ ಹಬೆ ಬಿಟ್ಟದ್ದೇ ತಡ, ತೊಟ್ಟಿ ಅರ್ಧವೂ ತುಂಬದೆ ಮೋಟಾರು ನಿಂತಿತು. ಡಬ್ಬಿ ಒರೆಸಿದರೆ ಓಡುತ್ತದೆ, ಹಬೆ ತಾಗಿದರೆ ನಿಲ್ಲುತ್ತದೆ. ತಂತಿಯಲ್ಲಿ ಎಷ್ಟು ವೋಲ್ಟಿದೆ ನೋಡೋಣವೆಂದು ಅಮರಗುಂಡಪ್ಪ ಡಬ್ಬಿ ಒಣಗಿಸಿ, ಮೋಟಾರು ಓಡುತ್ತಿರುವಾಗಲೇ ತನ್ನ ಹಳೆಯ ಮುಳ್ಳಿನ ಮೀಟರಿನ ಕಡ್ಡಿ ತಾಗಿಸಿದ. ತಾಗಿಸಿದ್ದಷ್ಟೇ, ಮೋಟಾರು ನಿಂತುಬಿಟ್ಟಿತು.

ಅವನಿಗೆ ಹೊಳೆಯಿತು. ಹತ್ತು ಲಕ್ಷ ಓಮಿನ ಹಿಡಿತ ತೀರ ಸಡಿಲ, ಮೀಟರು ಗುಟುಕರಿಸುವ ಆ ಚೂರು ಕರೆಂಟಿಗೇ ತಂತಿ ಕುಸಿದು ಬೀಳುತ್ತಿದೆ. ಇನ್ನು ಹಬೆಯ ಪಸೆಗೆ ಬೀಳದೆ ಇರುತ್ತದೆಯೇ?

"ನನ್ನ ಜಿಪುಣತನ ನೋಡ್ರಿ ದಾವಲ್‌ಸಾಬ್, ಇಲ್ಲೂ ಬಂದು ಕುಂತೈತಿ" ಎಂದು ನಾಚಿಕೊಂಡೇ ನಕ್ಕ.

ನಕ್ಕವನು ಸುಮ್ಮನಿರದೆ ಇನ್ನೊಂದು ಕೊನೆಗೆ ಜಿಗಿದ. ಈಗ ನೂರೇ ಓಮು. ಹಬೆ ಎಷ್ಟು ಬಂದರೂ ತಂತಿ ಜಪ್ಪಯ್ಯ ಎನ್ನಲಿಲ್ಲ. ನೀರು ತುಂಬಿ ಬಂದರೂ ಜಪ್ಪಯ್ಯ ಎನ್ನಲಿಲ್ಲ. ಟ್ರಾನ್ಸಿಸ್ಟರು ಜಗ್ಗಿ ಜಗ್ಗಿ ಸೋತಿತು, ತೊಟ್ಟಿ ಉಕ್ಕಿತು, ಅಂಗಳದಲ್ಲಿ ಒಣಹಾಕಿದ್ದ ಭತ್ತ ತೇಲಿಕೊಂಡು ಗೇಟಿನ ದಾರಿ ಹಿಡಿಯಿತು. ವೀರಭದ್ರಮ್ಮ ಸೀರೆಯ ನೆರಿಗೆ ಎತ್ತಿಕೊಂಡು ಬಂದಳು.

"ಬಿಚ್ಚಲೇನು, ಅಮರಗುಂಡಪ್ಪ?"

ಈಗ ಬಿಚ್ಚಿದರೆ ಮತ್ತೆ ಯಾರೂ ಕರೆಯುವುದಿಲ್ಲ, ಸಾಯುವತನಕ ರಿಪೇರಿಯವನೇ. ಗಿರಣಿಯ ಕಚೇರಿ ಬಾಗಿಲಿಗೆ, ತೌಡು ಒಳಗೆ ಹಾರಿ ಬರದಂತೆ, ಸ್ಪ್ರಿಂಗ್ ಹಾಕಿದ್ದರು. ಅಮರಗುಂಡಪ್ಪ ಅದನ್ನೇ ತೋರಿಸಿದ. "ಅಮ್ಮಾ, ಸ್ಪ್ರಿಂಗ್ ಸಡ್ಲಿದ್ರ ಗಾಳಿಗೇ ಬಾಗಿಲಾ ತೆರಕೋತದ. ಬಿಗಿ ಇದ್ರ ನೀವು ನೂಕಿದ್ರೂ ತೆರಿಯಂಗಿಲ್ರಿ. ಮದ್ಲು ಸಡ್ಲ ಹಾಕಿದೆ, ಆಮ್ಯಾಲ ಬಿಗಿ ಹಾಕಿದೆ. ಎರಡೂ ನನ್ನ ತಪ್ಪು. ಸಂಜೀತನ ಬಿಡ್ರಿ."

ಆಕೆ ಬಾಗಿಲನ್ನು ನೋಡಿದಳು, ತೇಲುವ ಭತ್ತವನ್ನು ನೋಡಿದಳು. "ಸಂಜೀತನ" ಎಂದು ಒಳಗೆ ಹೋದಳು.

ಈ ಸಲ ಅವನು ರೂಢಿಯ ಕೈಯನ್ನು ನಂಬಲಿಲ್ಲ. ದಟ್ಟ ಹಬೆಯಲ್ಲಿ ಟ್ರಾನ್ಸಿಸ್ಟರು ಎಷ್ಟು ಜಗ್ಗುತ್ತದೆ, ನೀರು ತಾಗಿದಾಗ ಎಷ್ಟು ಜಗ್ಗುತ್ತದೆ ಎಂದು ಅಳೆದ. ಎರಡರ ನಡುವೆ ಬೇಕಾದಷ್ಟು ಜಾಗವಿತ್ತು. ನಾಲ್ಕು ಸಾವಿರದ ಏಳುನೂರು ಓಮಿನದನ್ನು ಬೆಸೆದ. ಹಬೆಗೆ ಮೋಟಾರು ನಿಲ್ಲಲಿಲ್ಲ, ನೀರು ತಾಗಿದೊಡನೆ ನಿಂತಿತು. ದಾವಲ್‌ಸಾಬ್ ನಂಬದೆ ಮತ್ತೆ ಮತ್ತೆ ನೀರು ಇಳಿಸಿ ನೋಡಿದ. ಹೊತ್ತು ಮುಳುಗುವಾಗ ವೀರಭದ್ರಮ್ಮ ಬಂದು, ಪೆಟ್ಟಿಗೆಗೆ ಕುಂಕುಮ ಹಚ್ಚಿ ಹೋದಳು. ಅಮರಗುಂಡಪ್ಪನಿಗೆ ಹಿಗ್ಗೋ ಹಿಗ್ಗು.

ಮುಂದೆ ಒಂದು ಮಳೆಗಾಲ ಅವನು ಶ್ರೀಶೈಲಕ್ಕೆ ಹೋಗಿ ಬಂದ ಮರುದಿನವೇ ದಾವಲ್‌ಸಾಬ್ ಅಂಗಡಿಗೆ ಬಂದು ಅಳುಕುತ್ತ ನಿಂತಿದ್ದ. ರಿಪೇರಿಯವರಿಗೆ ತಮ್ಮ ಗಿರಾಕಿಯ ಸಾಮಾನನ್ನು ಇನ್ನೊಬ್ಬ ಮುಟ್ಟಿದರೆ ಮೈಯೆಲ್ಲ ಉರಿಯುತ್ತದೆಂದು ಅವನಿಗೆ ಗೊತ್ತು.

"ಪೆಟ್ಟಿಗ್ಯಾಗ ಹಲ್ಲಿ ಹೊಕ್ಕು ಸತ್ತಿತ್ರಿ. ನೀವು ಊರಾಗ ಇರಲಿಲ್ಲ. ಮಸ್ಕಿಯ ರೇಡಿಯೊ ರಿಪೇರಿ ಸೂಗಪ್ಪ ಬಂದು ಸರಿ ಮಾಡ್ಯಾನ. ಸಿಟ್ಟಾಗಬ್ಯಾಡ್ರಿ."

ಅಮರಗುಂಡಪ್ಪ ಕೈಯಲ್ಲಿದ್ದ ಬೆಸುಗೆ ಹಾಕುವ ಕಾವಿ ಕೆಳಗಿಟ್ಟ. "ಆ ನಾಲ್ಕು ಸಾವಿರದ ಏಳುನೂರರದು?"

"ಅದನ್ನ ಮುಟ್ಟಲಿಲ್ರಿ. ಇದನ್ನ ಹಾಕಿದಾವ ಅಳದು ನೋಡಿ ಹಾಕ್ಯಾನ, ಇರಲಿ ಅಂದ."

ಅಮರಗುಂಡಪ್ಪ ದಾವಲ್‌ಸಾಬನನ್ನು ಕುರ್ಚಿಯ ಮೇಲೆ ಕೂರಿಸಿ, ಅಂಗಡಿಯ ಹಿಂದಿನ ತನ್ನ ಮನೆಯತ್ತ ತಿರುಗಿ ಕೂಗಿದ:

"ಕಸ್ತೂರಿ, ಚಾ ಇಡು. ನಾ ಮಾಡಿದ್ದನ್ನ ಇನ್ನೊಬ್ಬ ರಿಪೇರಿ ಮಾಡ್ಯಾನ."