ಮಂಚಕ್ಕೆ ಜೋಡಿಸಿದ ಟ್ರಂಕು

ಹೆಣ್ಣುಮಕ್ಕಳಿಬ್ಬರೂ ಓದಲು ಬೇರೆ ಊರುಗಳಿಗೆ ಹೋದ ಮೇಲೆ ಇಂಗ್ಲಿಷರ ನಾಡಿನಲ್ಲಿ, ಕೆಂಟನ್ನಿನ ನಮ್ಮ ಮನೆಯ ಮಹಡಿಯಲ್ಲಿ ಎರಡು ಕೋಣೆಗಳು ಖಾಲಿ ಉಳಿದವು. ಹತ್ತಿರದ ಬಾಸ್ಕೆಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ತಮ್ಮ ಅಮೆರಿಕನ್ ಆಟಗಾರನೊಬ್ಬನಿಗೆ ಊಟ, ವಸತಿ ಎರಡೂ ಕೊಡುವ ಮನೆ ಹುಡುಕುತ್ತಿದ್ದಾರೆಂದು ಪಕ್ಕದ ಮನೆಯವರು ಹೇಳಿದರು. ನನ್ನ ಗಂಡ ನನ್ನನ್ನು ಕೇಳುವ ಮೊದಲೇ ಒಪ್ಪಿಕೊಂಡು ಬಂದಿದ್ದರು.

ಬಂದವನು ಬಾಗಿಲಿನ ಚೌಕಟ್ಟಿಗೆ ತಲೆ ತಗ್ಗಿಸಿ ಒಳಗೆ ಬಂದ, ತಲೆ ತಗ್ಗಿಸಿಯೇ ಮಹಡಿ ಹತ್ತಿದ. ಮಾರನೆಯ ಬೆಳಿಗ್ಗೆ ಅಡುಗೆಮನೆಗೆ ಬಂದು ಅವನು ಆಡಿದ ಮೊದಲ ಮಾತು, "ಮ್ಯಾಮ್, ಆ ಮಂಚ ಮಕ್ಕಳದ್ದಾ?"

ಗುಡ್ ಮಾರ್ನಿಂಗ್ ಕೂಡ ಇಲ್ಲ. ಅವನ ಇಂಗ್ಲಿಷನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒರಟುತನ ಮಾತ್ರ ಅವನದೇ, ನಾನು ಸೇರಿಸಿದ್ದಲ್ಲ.

ಮಂಚ ಉದ್ದ ಮಾಡಲು ಕೊನೆಗೆ ಒದಗಿದ್ದು ಅತ್ತೆಯ ಟ್ರಂಕು. ಧಾರವಾಡದಿಂದ ಅವರ ಜೊತೆಗೇ ಬಂದ ತಗಡಿನ ಟ್ರಂಕು ಅದು. ಎತ್ತರ ಮಂಚಕ್ಕೆ ಸರಿಹೊಂದುತ್ತಿತ್ತು. ಕಾಲಿನ ಕಡೆಗೆ ಅದನ್ನು ಒತ್ತಿ ಇಟ್ಟು, ಹಳೆಯ ಸೀರೆಗಳಿಂದ ಅತ್ತೆಯೇ ಹೊಲಿದ ಕೌದಿಯನ್ನು ಮಡಿಸಿ ಮೇಲೆ ಹಾಸಿದೆವು.

"ನನ್ನ ಸೀರಿ ಮ್ಯಾಲೆ ಅಂವ ಕಾಲ ಚಾಚಬೇಕೇನು?" ಎಂದು ಅತ್ತೆ ಒಳಗಿದ್ದ ಸೀರೆಗಳನ್ನೆಲ್ಲ ಮೊದಲು ಹೊರಗೆ ತೆಗೆಸಿದರು. "ಮನಶ್ಯಾನೋ ತೆಂಗಿನ ಗಿಡಾನೋ. ಇಂಥಾಂವನ್ನ ಹಡದಾಕಿ ಹೆಂಗ ಎತ್ತಿ ಆಡಿಸಿದ್ಲೋ!"

ಅಮೆರಿಕದಲ್ಲಿ ಕಾಲೇಜು ತಂಡಕ್ಕೆ ಆಡುವವರ ವೈಭವವೇ ಬೇರೆಯಂತೆ. ಸಾವಿರಾರು ಜನ ಕೂತು ಕೂಗುವ ಹಾಲ್, ತಂಡಕ್ಕೆ ಪ್ರತ್ಯೇಕ ವಿಮಾನ, ಕಾಲು ನೀವಲು ಆಳುಗಳು. ಓದು ಮುಗಿದ ಮೇಲೆ ಅಲ್ಲಿಯ ದೊಡ್ಡ ಲೀಗ್ ಕರೆಯುವುದು ಕೆಲವೇ ಕೆಲವರನ್ನು. ಉಳಿದವರು ಚೀಲ ಹೊತ್ತುಕೊಂಡು ದೇಶ ದೇಶ ಅಲೆಯುತ್ತಾರೆ. ನಮ್ಮವನಿಗೆ ಸೈಪ್ರಸ್ ಆಯಿತು, ಫಿನ್ಲೆಂಡ್ ಆಯಿತು, ಇನ್ನೂ ಏಳೆಂಟು ದೇಶ ಆಯಿತು, ಈಗ ಇಲ್ಲಿ. ಒಂದು ಸೀಸನ್ನಿಗೆ ಒಂದು ದೇಶ. ಚೆನ್ನಾಗಿ ಆಡಿದರೆ ಇನ್ನೂ ದೊಡ್ಡ ಕ್ಲಬ್ಬು, ಇಲ್ಲವಾದರೆ ಸೀಸನ್ನಿನ ನಡುವೆಯೇ ಮನೆಗೆ. ಅವನು ತನ್ನ ಬಟ್ಟೆಯನ್ನು ಬೀರುವಿನಲ್ಲಿ ಇಡಲೇ ಇಲ್ಲ. ಸೂಟ್‌ಕೇಸ್ ನೆಲದ ಮೇಲೆ ಬಾಯಿ ತೆರೆದುಕೊಂಡೇ ಇರುತ್ತಿತ್ತು. ನಾನು ಬೀರುವಿನಲ್ಲಿ ತೂಗುಹಾಕಿದ ಹ್ಯಾಂಗರುಗಳು ಚಳಿಗಾಲವಿಡೀ ಬರಿದಾಗಿಯೇ ಇದ್ದವು.

ತಿಂದ ತಟ್ಟೆಯನ್ನು ತೊಳೆದಿಡುತ್ತಿದ್ದ, ಅದು ನಿಜ. ಆದರೆ ತನ್ನದನ್ನು ಮಾತ್ರ. ಅವನ ತಟ್ಟೆಯ ಕೆಳಗೆ ನನ್ನದೊಂದು ಚಮಚ ಸಿಕ್ಕಿಕೊಂಡಿದ್ದರೆ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಪಕ್ಕಕ್ಕಿಟ್ಟು ತಟ್ಟೆ ತೊಳೆಯುತ್ತಿದ್ದ. ಮನೆಯಲ್ಲಿ ಅವನು ನಡೆಸುತ್ತಿದ್ದ ಯುದ್ಧ ಇಂಥದ್ದು. ನಾನೂ ಕಾನ್ವೆಂಟಿನಲ್ಲಿ ಕಲಿತವಳು, ನಗುನಗುತ್ತಲೇ ಯುದ್ಧ ಮಾಡಲು ನನಗೂ ಬರುತ್ತದೆ. ಅವನ ಮೊಟ್ಟೆಗಳನ್ನು ಅವನು ಹೇಳಿದಷ್ಟೇ ಬೇಯಿಸಿ, ಅವನು ಹೇಳಿದ ಜಾಗದಲ್ಲೇ ಇಟ್ಟು, ಒಂದು ಮಾತೂ ಆಡದೆ ಹೊರಗೆ ಹೋಗುತ್ತಿದ್ದೆ.

ಹೊಸ ವರ್ಷ ಕಳೆದ ಮೇಲೆ ಆಟದಲ್ಲಿ ಅವನ ಬಲಗಾಲಿನ ಹರಡು ಉಳುಕಿತು. ಅದೇ ವಾರ ಮ್ಯಾನೇಜರ್ ಇನ್ನೊಬ್ಬನನ್ನು ಕರೆತಂದು ನಮ್ಮ ಎರಡನೆಯ ಕೋಣೆಗೆ ಸೇರಿಸಿದರು. ಅವನೂ ಅಮೆರಿಕದವನೇ, ಆಗಷ್ಟೇ ಕಾಲೇಜು ಮುಗಿಸಿದವನು, ಅಷ್ಟೇ ಎತ್ತರ. "ಪ್ರಾಕ್ಟೀಸಿಗೆ ಜನ ಸಾಲದು, ಸ್ವಲ್ಪ ದಿನ ಮಾತ್ರ" ಎಂದರು. ಕ್ಲಬ್ಬು ಇಷ್ಟೇ ಜನ ಹೊರದೇಶದವರನ್ನು ಇಟ್ಟುಕೊಳ್ಳಬೇಕೆಂಬ ಮಿತಿ ಇರುವುದನ್ನು ನನ್ನ ಗಂಡ ಆಮೇಲೆ ಹೇಳಿದರು. ಅಂದರೆ ಹೊಸಬ ಉಳಿಯಬೇಕಾದರೆ ಹಳಬ ಹೋಗಬೇಕು. ಇಬ್ಬರಿಗೂ ಅದು ಗೊತ್ತಿತ್ತು. ಇಬ್ಬರಿಗೂ ಒಂದೇ ಬಚ್ಚಲುಮನೆ, ಒಂದೇ ಫ್ರಿಜ್ಜು.

ಹಾಲಿನ ಕ್ಯಾನಿನ ಮೇಲೆ ಹಳಬ ಪೆನ್ನಿನಲ್ಲಿ ಗೆರೆ ಎಳೆದು, ಎಲ್ಲಿಯವರೆಗೆ ಹಾಲಿದೆ ಎಂದು ಗುರುತು ಮಾಡಿಡಲು ಶುರುಮಾಡಿದ. ಹೊಸಬ ಆ ಗೆರೆಯ ಕೆಳಗೆ ನಗುವ ಮುಖ ಬರೆದ. ಅವರು ಓದಿದ ಕಾಲೇಜುಗಳು ಮೊದಲೇ ಒಂದಕ್ಕೊಂದು ಆಗದವಂತೆ.

"ಬ್ರೋ, ನೀನು ಕಾಲೇಜಿನಲ್ಲಿದ್ದಾಗ ನಿನ್ನ ಟೀಮು ಟಿವಿಯಲ್ಲಿ ಬಂದಿತ್ತಾ? ನಾನಂತೂ ನೋಡ್ಲಿಲ್ಲ" ಎಂದ ಹೊಸಬ ಒಂದು ದಿನ.

"ನೀನು ಆಗ ಪ್ರೈಮರಿ ಸ್ಕೂಲು. ನಿಮ್ಮಮ್ಮ ಬೇಗ ಮಲಗಿಸ್ತಿದ್ಲು."

"ಸರಿ ಅಜ್ಜ. ಮೆಟ್ಟಿಲಿಗೆ ಲಿಫ್ಟ್ ಹಾಕಿಸ್ಲಾ?"

ಹಳಬನ ಕೈಯಲ್ಲಿದ್ದ ಫೋರ್ಕು ತಟ್ಟೆಯ ಮೇಲೆ ಕಿರ್ರೆಂದಿತು. ಅತ್ತೆಗೆ ಇಂಗ್ಲಿಷ್ ಬಾರದು, ಆದರೆ ಬೈಗುಳ ಯಾವ ಭಾಷೆಯಲ್ಲಿದ್ದರೂ ಅವರಿಗೆ ತಿಳಿಯುತ್ತದೆ. ಅವಲಕ್ಕಿ ತಿನ್ನುತ್ತಲೇ, "ಎರಡೂ ಹೋರಿ ಹಂಗ ಗುರ್ ಅನ್ನಾಕತ್ತಾವ ನೋಡವಾ. ಕಾಲಾಗ ಮಣ್ಣ ಕೆದರೂದೊಂದ ಬಾಕಿ" ಎಂದರು.

ಹಳಬ ಮೆಟ್ಟಿಲು ಇಳಿಯುವ ರೀತಿಯನ್ನು ನಾನೂ ಗಮನಿಸಿದ್ದೆ. ಹೊಸಬ ಎದುರಿಗಿದ್ದರೆ ನೇರವಾಗಿ, ಧಡಧಡ ಇಳಿಯುತ್ತಿದ್ದ. ಯಾರೂ ಇಲ್ಲವೆಂದುಕೊಂಡರೆ ಮೆಟ್ಟಿಲ ಕಂಬಿ ಹಿಡಿದು, ಅಡ್ಡ ತಿರುಗಿ, ಪ್ರತಿ ಮೆಟ್ಟಿಲಿಗೂ ಬಲಗಾಲನ್ನೇ ಮೊದಲು ಇಳಿಸಿ ಒಂದು ಕ್ಷಣ ನಿಲ್ಲುತ್ತಿದ್ದ. ಫ್ರೀಜರಿನಲ್ಲಿದ್ದ ನನ್ನ ಬಟಾಣಿ ಚೀಲ ದಿನವೂ ಜಾಗ ಬದಲಿಸುತ್ತಿತ್ತು. ಒಂದು ಮಧ್ಯಾಹ್ನ ಅದು ಅವನ ಹರಡಿನ ಮೇಲೆಯೇ ಕಂಡಿತು. ಊತ ಇಳಿದಿರಲಿಲ್ಲ, ಚರ್ಮ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಡಾಕ್ಟರ್ ಏನಂದ್ರು?" ಎಂದು ಕೇಳಿದೆ.

"ಈಗ ಆಡಿದರೆ ಒಳಗಿನ ಲಿಗಮೆಂಟು ಪೂರ್ತಿ ಹರಿಯುತ್ತೆ ಅಂದ್ರು. ಹರಿದರೆ ಆಪರೇಷನ್ನು, ಆಮೇಲೆ ಯಾವ ದೇಶದಲ್ಲೂ ಆಟ ಇಲ್ಲ." ಬಟಾಣಿ ಚೀಲವನ್ನು ಮಗುಚಿ ಹಾಕಿದ. "ನಾನು ಆಡದೆ ಕೂತರೆ ಆ ಹುಡುಗ ನನ್ನ ಜಾಗಕ್ಕೆ ಬರ್ತಾನೆ. ಶನಿವಾರ ಆಡ್ತೀನಿ. ಇದನ್ನ ಯಾರಿಗಾದ್ರೂ ಹೇಳಿದ್ರೋ..." ಮುಂದಿನದನ್ನು ನುಂಗಿಕೊಂಡ. ಬೆದರಿಕೆಯನ್ನು ಪೂರ್ತಿ ಆಡುವಷ್ಟು ಮರ್ಯಾದೆಯೂ ನನಗಿಲ್ಲ ಎನ್ನುವ ಹಾಗಿತ್ತು ಅದು.

ಆ ಬಟಾಣಿಯನ್ನು ಅತ್ತೆ ಆಮೇಲೆ ಮುಟ್ಟಲಿಲ್ಲ.

ಗುರುವಾರ ನಾನು ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಮ್ಯಾನೇಜರ್ ಫೋನ್ ಮಾಡಿದರು. ಕೈಯೆಲ್ಲ ಹಿಟ್ಟಾಗಿದ್ದರಿಂದ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಸ್ಪೀಕರಿಗೆ ಹಾಕಿದೆ. ಅವರದು ಬೆಣ್ಣೆಯಂಥ ದನಿ.

"ಒಂದು ಸಣ್ಣ ಸಹಾಯ. ಆ ಮಂಚದ ತುದಿಗೆ ಇಟ್ಟಿರೋ ಬಾಕ್ಸನ್ನ ಭಾನುವಾರ ಹೊಸ ಹುಡುಗನ ರೂಮಿಗೆ ಸರಿಸಿಬಿಡಿ. ಅವನ ಕಾಗದಪತ್ರ ಸೋಮವಾರ ಕೈಗೆ ಬರುತ್ತೆ. ಇನ್ನೊಬ್ಬನನ್ನ ನಾವು ಬಿಡ್ತಿದ್ದೀವಿ."

"ಅವರಿಗೆ ಗೊತ್ತಾ?"

"ಶನಿವಾರದ ಮ್ಯಾಚ್ ಮುಗೀಲಿ. ಅಲ್ಲೀವರೆಗೆ ಅವನು ಬೇಕು. ಮೊದಲೇ ಹೇಳಿದರೆ ಅವನು ಮನಸ್ಸಿಟ್ಟು ಆಡೋದಿಲ್ಲ, ಅರ್ಥ ಆಯ್ತಲ್ಲ? ನೀವು ತುಂಬಾ ಒಳ್ಳೆಯವರು."

ಹಂಚಿನ ಮೇಲಿದ್ದ ರೊಟ್ಟಿ ಸೀದಿತು. ಅತ್ತೆ ಮೂಗು ಏರಿಸಿ, "ಏನಂದ ಅಂವ? ಬಾಕ್ಸ್ ಬಾಕ್ಸ್ ಅನ್ನಾಕತ್ತಿದ್ದ?" ಎಂದರು. ಹೇಳಿದೆ. ಅವರು ಸೊಂಟಕ್ಕೆ ಕೈ ಇಟ್ಟರು. "ನನ್ನ ಟ್ರಂಕ ಎಲ್ಲಿಡಬೇಕು ಅಂತ ಹೇಳಾಕ ಅಂವ ಯಾಂವ? ನನ್ನ ಕೇಳಿದ್ನೇನು?"

ಸಂಜೆ ಹೌನ್ಸ್ಲೋದ ಆಫೀಸಿನಿಂದ ಬಂದ ಗಂಡ ಶೂ ಬಿಚ್ಚುತ್ತಲೇ ತೀರ್ಪು ಕೊಟ್ಟರು. "ಕ್ಲಬ್ ಅವರದು, ಆಟ ಅವರದು. ನಡುವ ನಮಗ್ಯಾಕ ಬೇಕು? ಅಂವ ಏನ್ ನಿನಗ ಭಾಳ ಛಲೋ ಮಾತಾಡ್ಯಾನೇನು?"

"ಇಲ್ಲ ರೀ. ಆದ್ರೆ ಆ ಕಾಲಲ್ಲಿ ಆಡಿದ್ರೆ ಇನ್ನೆಲ್ಲೂ ಆಡೋಕಾಗಲ್ಲ ಅಂದಿದ್ದಾರೆ ಡಾಕ್ಟರು. ಇಲ್ದೇ ಇರೋ ಕೆಲಸಕ್ಕೋಸ್ಕರ ಕಾಲು ಕಳ್ಕೋತಾನೆ."

"ಕಾಲು ಅವಂದು. ನೀ ಸುಮ್ಮ ಇರು."

ಅವನ ಮೇಲೆ ನನಗೆ ಕನಿಕರವಿತ್ತೆಂದು ಬರೆದರೆ ಸುಳ್ಳಾಗುತ್ತದೆ. ನನಗೆ ಸಿಟ್ಟಿತ್ತು. ಆ ಬೆಣ್ಣೆ ದನಿಯ ಮನುಷ್ಯ ನನ್ನನ್ನು ತನ್ನ ಕೆಲಸಕ್ಕೆ ಹಚ್ಚಿದ್ದ. ಶನಿವಾರ ಬೆಳಿಗ್ಗೆ ನಾನು ಮೊಟ್ಟೆ ಬೇಯಿಸಿ, ನಗುಮುಖ ಮಾಡಿ, ಆ ಕಾಲನ್ನು ಮುರಿಯಲು ಕಳಿಸಬೇಕು. ಭಾನುವಾರ ಕೌದಿ ಕೊಡವಿ ಇನ್ನೊಬ್ಬನಿಗೆ ಹಾಸಬೇಕು. ಅದಕ್ಕೇ ನಾನು ಒಳ್ಳೆಯವಳು.

ಶನಿವಾರ ಬೆಳಿಗ್ಗೆ ಹಳಬ ಅಡುಗೆಮನೆಯ ಮೇಜಿನ ಮುಂದೆ ಕೂತು ಹರಡಿಗೆ ಬಿಳಿ ಟೇಪು ಸುತ್ತುತ್ತಿದ್ದ. ಸುತ್ತು ಹಾಕುವಾಗಲೆಲ್ಲ ದವಡೆ ಕಚ್ಚಿಕೊಳ್ಳುತ್ತಿದ್ದ. ಅಹಿತವಾದ ಸುದ್ದಿಯನ್ನು ಹೇಗೆ ಹೇಳಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು: ಕೈ ಕಟ್ಟಿಕೊಂಡು, ದನಿ ತಗ್ಗಿಸಿ, ಮೊದಲ ವಾಕ್ಯದಲ್ಲೇ. ಹಾಗೆಯೇ ಹೇಳಿದೆ.

"ಕ್ಲಬ್ಬು ನಿಮ್ಮನ್ನ ಬಿಡ್ತಿದೆ. ಇವತ್ತು ಮ್ಯಾಚ್ ಆದ ಮೇಲೆ ಹೇಳ್ತಾರೆ. ಮ್ಯಾನೇಜರ್ ಗುರುವಾರ ನನಗೆ ಫೋನ್ ಮಾಡಿದ್ರು."

ಅವನ ಕೈ ನಿಂತಿತು. ಆಮೇಲೆ ನಕ್ಕ. ಆ ನಗು ನನಗೆ ಇನ್ನೂ ನೆನಪಿದೆ.

"ಅವನು ಹೇಳಿಕೊಟ್ಟನಾ? ಮೇಲಿರೋನು?"

"ಯಾರೂ ಹೇಳಿಕೊಟ್ಟಿಲ್ಲ."

"ಅವನಿಗೆ ಮೊಟ್ಟೆ ಜಾಸ್ತಿ ಹಾಕೋದು ನನಗೆ ಕಾಣಲ್ವಾ? ಅವನು ನಿಮ್ಮ ಹತ್ರ ಹಲ್ಲು ಕಿರಿಯೋದು ಕಾಣಲ್ವಾ? ನಾನು ಇವತ್ತು ಹೋಗದೇ ಇದ್ರೆ ನನ್ನ ಬಿಡೋಕೆ ಕ್ಲಬ್ಬಿಗೆ ಕಾರಣ ಸಿಗುತ್ತೆ. ಅಷ್ಟೇ ತಾನೇ ನಿಮ್ಮ ಪ್ಲಾನು?" ದನಿ ಏರಿತು. "ನಾಲ್ಕು ತಿಂಗಳಿಂದ ನೀವು ನನ್ನ ನೋಡೋ ರೀತಿ ಗೊತ್ತು ಮ್ಯಾಮ್. ಬೂಟಿಗೆ ಹತ್ತಿದ ಕೆಸರನ್ನ ನೋಡಿದ ಹಾಗೆ."

ಅದನ್ನು ನಾನು ಅಲ್ಲಗಳೆಯಲಿಲ್ಲ. ಅಲ್ಲಗಳೆದಿದ್ದರೆ ಉಳಿದದ್ದನ್ನೂ ಅವನು ನಂಬುತ್ತಿರಲಿಲ್ಲ.

"ನಿಮ್ಮ ಮಂಚದ ತುದೀಲಿರೋ ಟ್ರಂಕನ್ನ ನಾಳೆ ಅವನ ರೂಮಿಗೆ ಹಾಕೋದಕ್ಕೆ ಹೇಳಿದ್ದಾರೆ" ಎಂದೆ. "ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು."

ಕುರ್ಚಿ ಹಿಂದಕ್ಕೆ ಉರುಳುವ ಹಾಗೆ ಎದ್ದ. ಅರ್ಧ ಸುತ್ತಿದ ಟೇಪು ಹಿಂದೆ ತೆವಳುತ್ತಿರಲು ಮಹಡಿ ಹತ್ತಿದ. ನಾನೂ ಹಿಂದೆಯೇ ಹೋದೆ. ಕೌದಿಯನ್ನು ನೆಲಕ್ಕೆ ಎಸೆದು, ಟ್ರಂಕಿನ ಹಿಡಿ ಹಿಡಿದು ದರದರ ಎಳೆದುಕೊಂಡು ಹೋಗಿ ಹೊಸಬನ ಬಾಗಿಲನ್ನು ಅದರಿಂದಲೇ ಗುದ್ದಿ ತೆರೆದ. ಹೊಸಬ ಹಾಸಿಗೆಯಲ್ಲಿ ಫೋನು ನೋಡುತ್ತ ಮಲಗಿದ್ದ. ಅವನ ಕಾಲುಗಳು ಮಂಚದಾಚೆ ಮೀನಖಂಡದವರೆಗೂ ಗಾಳಿಯಲ್ಲಿದ್ದವು. ತಲೆ ಎತ್ತಿ ಮೊದಲು ಟ್ರಂಕನ್ನು ನೋಡಿದ.

"ಇದು ನಾಳೆ ಅಲ್ವಾ?" ಎಂದ.

ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಮಾತು ಹೊರಗೆ ಬಿದ್ದಾಗಿತ್ತು. ಹೊಸಬ ಎದ್ದು ಕೂತು ಗೋಡೆಗೆ ಬೆನ್ನು ಒತ್ತಿದ. ಹೊಡೆತ ಬೀಳುತ್ತದೆಂದು ನಾನೂ ಕಾದೆ. ಬೀಳಲಿಲ್ಲ. ಹಳಬ ಟ್ರಂಕನ್ನು ಕೋಣೆಯ ನಡುವೆಯೇ ಬಿಟ್ಟು, ನನ್ನನ್ನು ಒರಸಿಕೊಂಡೇ ಹೊರಗೆ ಬಂದು, ಕಂಬಿ ಹಿಡಿದು, ಅಡ್ಡ ತಿರುಗಿ, ನಮ್ಮೆಲ್ಲರ ಎದುರಿಗೇ ನಿಧಾನವಾಗಿ ಮೆಟ್ಟಿಲು ಇಳಿದ.

ಕೆಳಗೆ ಕೂತು ಟೇಪು ಬಿಚ್ಚಿದ. ಬಿಚ್ಚಿದ ಟೇಪನ್ನು ಉಂಡೆ ಮಾಡಿ ಮೇಜಿನ ಮೇಲಿಟ್ಟ. ಹೊರಗೆ ಕ್ಲಬ್ಬಿನ ವ್ಯಾನು ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು. ಅವನು ಅಲುಗಲಿಲ್ಲ. ಬಾಗಿಲು ತೆರೆದ ನಾನು, ವ್ಯಾನಿನಿಂದ ಇಳಿದು ಬಂದ ಮ್ಯಾನೇಜರಿಗೆ, "ಅವರ ಕಾಲು ಸರಿಯಿಲ್ಲ, ಬರುವುದಿಲ್ಲ" ಎಂದೆ.

ಬೆಣ್ಣೆ ದನಿ ಕರಗಿಹೋಗಿತ್ತು. "ನಿಮಗೆ ಒಂದೇ ಒಂದು ಕೆಲಸ ಹೇಳಿದ್ದೆ."

"ಹೌದು. ಟ್ರಂಕು ಆಗಲೇ ಸರಿದಾಯ್ತು" ಎಂದು ಬಾಗಿಲು ಹಾಕಿದೆ.

ಹಿಂದೆ ಅತ್ತೆ ನಿಂತಿದ್ದರು. ಅವರ ಕೋಪ ಬೇರೆಯದಕ್ಕೆ. "ಎಳದಾಡಿ ಟ್ರಂಕಿನ ಮೂಲಿ ನೆಗ್ಗಿಸ್ಯಾನ ನೋಡು ಆ ಉದ್ದಾಂವ. ಕೌದಿ ಬ್ಯಾರೆ ನೆಲಕ್ಕ! ಕಾಲ ಉಳಿಸಿದ್ದಕ್ಕ ಇದೇನು ಬಹುಮಾನ?"

ಭಾನುವಾರ ಟ್ಯಾಕ್ಸಿ ಬಂದು ಅವನನ್ನು ಏರ್‌ಪೋರ್ಟಿಗೆ ಕರೆದುಕೊಂಡು ಹೋಯಿತು. ಸೂಟ್‌ಕೇಸ್ ಮುಚ್ಚುವುದಷ್ಟೇ ಅವನಿಗಿದ್ದ ಕೆಲಸ. ಥ್ಯಾಂಕ್ಸ್ ಹೇಳಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಅವನು ನನ್ನ ತಲೆಯ ಮೇಲಿನಿಂದ ಬೀದಿಯನ್ನು ನೋಡಿ, ಚೌಕಟ್ಟಿಗೆ ತಲೆ ತಗ್ಗಿಸಿ ಹೊರಟ. ಸಿಂಕಿನಲ್ಲಿ ಅವನ ತಟ್ಟೆ ತೊಳೆದಿಟ್ಟಿತ್ತು. ಚಮಚ ಪಕ್ಕದಲ್ಲಿತ್ತು.

ಮ್ಯಾನೇಜರ್ ಆಮೇಲೆ ನನ್ನೊಡನೆ ಮಾತಾಡಲಿಲ್ಲ, ಏನಿದ್ದರೂ ಗಂಡನಿಗೇ ಫೋನ್. ಸೀಸನ್ ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ, ಬೇರೆ ಮನೆ ಹುಡುಕುವ ಗೋಜು ಬೇಡವೆಂದೋ ಏನೋ, ಹೊಸಬನನ್ನು ನಮ್ಮಲ್ಲಿಯೇ ಬಿಟ್ಟರು. ಅತ್ತೆ ಗೊಣಗುತ್ತಲೇ ಕೌದಿಯನ್ನು ಒಗೆಸಿ ಕೊಟ್ಟರು. ಹೊಸಬ ಟ್ರಂಕಿನ ಮೇಲೆ ಕಾಲು ಚಾಚಿ ಮಲಗತೊಡಗಿದ. ಅಡುಗೆಮನೆಯಲ್ಲಿ ಹಲ್ಲು ಕಿರಿಯುವುದು ನಿಂತಿತು. ನಾನು ಫೋನಿನಲ್ಲಿ ತಂಗಿಯೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದರೂ ಬಾಗಿಲ ಬಳಿ ನಿಂತು ಕಿವಿಗೊಡುತ್ತಿದ್ದ.

ಈಸ್ಟರಿಗೆ ಮುಂಚೆ ಒಂದು ಬೆಳಿಗ್ಗೆ ಅವನ ಕೋಣೆಗೆ ವ್ಯಾಕ್ಯೂಮ್ ಹಾಕಲು ಹೋದೆ. ಮಂಚದಡಿಯ ಧೂಳು ತೆಗೆಯಲೆಂದು ಟ್ರಂಕನ್ನು ಈಚೆಗೆ ಎಳೆದು ಬಾಗಿಲಿನ ಹತ್ತಿರ ಇಟ್ಟಿದ್ದೆ. ವ್ಯಾಕ್ಯೂಮಿನ ಸದ್ದಿನಲ್ಲಿ ಅವನು ಬಂದದ್ದು ಕೇಳಿಸಲಿಲ್ಲ. ತಿರುಗಿದಾಗ ಚೌಕಟ್ಟಿನ ಪೂರ್ತಿ ಅವನೇ ಇದ್ದ. ಭುಜದ ಮೇಲೆ ಪ್ರಾಕ್ಟೀಸಿನ ಚೀಲ, ಕಣ್ಣು ಟ್ರಂಕಿನ ಮೇಲೆ.

"ಅವರು ಫೋನ್ ಮಾಡಿದ್ರಾ?"

"ಇಲ್ಲ. ಕಸ ಗುಡಿಸ್ತಿದ್ದೀನಿ."

"ನಿಜ ಹೇಳಿ ಮ್ಯಾಮ್. ಯಾರು ಬರ್ತಿದ್ದಾರೆ?"

"ಯಾರೂ ಇಲ್ಲ. ಧೂಳು."

ನಂಬಲಿಲ್ಲ. ಚೀಲ ಕೆಳಗಿಟ್ಟು, ನನ್ನ ಕೈಯಿಂದ ವ್ಯಾಕ್ಯೂಮಿನ ಹಿಡಿ ಕಿತ್ತುಕೊಂಡು ಸ್ವಿಚ್ಚು ಆರಿಸಿದ. ಟ್ರಂಕನ್ನು ಎರಡೂ ಕೈಯಿಂದ ಮಂಚದ ತುದಿಗೆ ತಳ್ಳಿ, ಸಂದಿಲ್ಲದ ಹಾಗೆ ಮೊಣಕಾಲಿನಿಂದ ಒತ್ತಿ, ಕೌದಿ ಹಾಸಿದ. ಆಮೇಲೆ ಶೂ ಕೂಡ ಬಿಚ್ಚದೆ ಅದರ ಮೇಲೆ ಕೂತು, ನಾನು ಹೊರಗೆ ಹೋಗುವವರೆಗೂ ನನ್ನನ್ನೇ ನೋಡುತ್ತಿದ್ದ.