ಕರೆಂಟಿನ ಬೋಟು ಮತ್ತು ‘ಇತರೆ’ ಕಾಲಮ್ಮು

ಮೇಜಿನ ಮೇಲೆ ಮತ್ತೊಂದು ಫಾರ್ಮುಗಳ ಕಟ್ಟು ಬಂದು ಕೂತಿದೆ. ಶಾಲೆಯ ಕೆಲಸ ಎಂದರೆ ಬರೀ ಪಾಠ ಹೇಳುವುದಲ್ಲ ಎಂಬುದು ನಿಮಗೂ ಗೊತ್ತಿರಬಹುದು. ನಾನು ದನ ಎಣಿಸಿದ್ದೇನೆ, ಶೌಚಾಲಯ ಎಣಿಸಿದ್ದೇನೆ, ಮನೆಗೆಷ್ಟು ಕಿಟಕಿ ಎಂದೂ ಕೇಳಿ ಬೈಸಿಕೊಂಡಿದ್ದೇನೆ. ಈ ಸಲ ಬನಹಟ್ಟಿಯ ನೇಕಾರರು ಹೊಸ ಮಾದರಿಯ ಮಗ್ಗಕ್ಕೆ ಯಾಕೆ ಒಪ್ಪುತ್ತಿಲ್ಲ ಎಂದು ಬರೆದುಕೊಂಡು ಬರಬೇಕು. ಕಾರಣಗಳಿಗೆ ಐದು ಚೌಕಗಳಿವೆ. ಐದನೆಯದರ ಮುಂದೆ ‘ಇತರೆ’ ಎಂದಿದೆ, ಪಕ್ಕದಲ್ಲಿ ಬೆರಳಗಲದ ಖಾಲಿ ಜಾಗ. ಅದನ್ನು ನೋಡಿ ಕಟ್ಟನ್ನು ಪಕ್ಕಕ್ಕೆ ಸರಿಸಿದೆ. ಇಂಥದೇ ಒಂದು ಜಾಗವನ್ನು ನಾನು ಹಿಂದೊಮ್ಮೆ ಖಾಲಿ ಬಿಟ್ಟಿದ್ದೆ.

ಆಗ ನನ್ನ ಶಾಲೆ ಇದ್ದದ್ದು ಕೃಷ್ಣಾ ಹೊಳೆಯ ಆಚೆ ದಂಡೆಯಲ್ಲಿ. ರಬಕವಿಯಿಂದ ದಿನಾ ಯಮನಪ್ಪ ಕಾಕಾ ಅವರ ಡೀಸೆಲ್ ಬೋಟಿನಲ್ಲಿ ದಾಟುತ್ತಿದ್ದೆ. ಆ ಇಂಜಿನ್ನಿನ ಸಪ್ಪಳ ನೀವು ಕೇಳಬೇಕಿತ್ತು. ಹುಟ್ಟಿದಾಗಿನಿಂದ ಮನೆಯಲ್ಲಿ ಆರು ಪವರ್‌ಲೂಮಿನ ಗದ್ದಲ ಕೇಳಿ ಬೆಳೆದವಳು ನಾನು. ನನಗೂ ಕಿವಿ ಮುಚ್ಚಿಕೊಳ್ಳಬೇಕು ಅನಿಸುತ್ತಿತ್ತು. ಬೋಟಿನಲ್ಲಿ ಯಾರೂ ಯಾರೊಂದಿಗೂ ಮಾತಾಡುವಂತಿರಲಿಲ್ಲ. ಹಾಲಿನ ಕ್ಯಾನಿನವನು, ಕಬ್ಬು ಕಡಿಯಲು ಹೋಗುವ ಹೆಣ್ಣುಮಕ್ಕಳು, ನಾನು, ಎಲ್ಲರೂ ವರ್ಷಗಟ್ಟಲೆ ಬರೀ ತಲೆಯಾಡಿಸಿಕೊಂಡು ಹೊಳೆ ದಾಟಿದೆವು. ಮನೆಗೆ ಬಂದರೆ ಸೀರೆಯ ತುಂಬ ಡೀಸೆಲ್ ವಾಸನೆ. ಅವ್ವ ನನ್ನ ಬಟ್ಟೆಯನ್ನು ಬೇರೆಯೇ ನೆನೆಹಾಕುತ್ತಿದ್ದಳು.

ಹಾಗಾಗಿ ಕರೆಂಟಿನ ಬೋಟು ಬರುತ್ತದಂತೆ ಎಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನೇ. ರಾತ್ರಿಯೆಲ್ಲ ಚಾರ್ಜು, ಹಗಲೆಲ್ಲ ಓಡಾಟ. ಹೊಗೆ ಇಲ್ಲ, ಸಪ್ಪಳವಿಲ್ಲ. ಬೋಟಿನ ಮಾಲಕರ ಅಭಿಪ್ರಾಯ ಕೇಳಿ ಬರೆಯುವ ಕೆಲಸವೂ ನನ್ನ ಕೊರಳಿಗೇ ಬಿತ್ತು. ಒಂದು ಭಾನುವಾರ ಬೋಟು ನಿಲ್ಲುವ ಘಟ್ಟಕ್ಕೆ ಹೋಗಿ ಏಳು ಮಾಲಕರನ್ನೂ ಒಬ್ಬೊಬ್ಬರಾಗಿ ಕೇಳತೊಡಗಿದೆ. ಒಬ್ಬರು, "ನಾ ಮೊಬೈಲ್ ಚಾರ್ಜ್ ಹಚ್ಚೂದ ಮರೀತೇನ್ರಿ, ಇನ್ನ ಬೋಟ್ ನೆನಪ ಇಡ್ತೇನೇನು" ಎಂದರು. ಇನ್ನೊಬ್ಬರು, ಸಪ್ಪಳ ಬರದಿದ್ದರೆ ಬೋಟು ನಡೆದಿದೆ ಎಂದು ಮಂದಿ ನಂಬುವುದಿಲ್ಲ ಎಂದರು. ಯಮನಪ್ಪ ಕಾಕಾ ಬಹಳ ಹೊತ್ತು ಬೀಡಿ ಸೇದಿ, "ಕರೆಂಟ್ ಹೋದ್ರ ನಿಮ್ಮ ಮನ್ಯಾಗ ಮಗ್ಗ ನಿಂದರತಾವು. ನಡುಹೊಳ್ಯಾಗ ಬೋಟ್ ನಿಂತರ ನೀವ ಇಳದು ದೂಡ್ತೀರೇನ್ರಿ ಅಕ್ಕಾರ?" ಎಂದರು. ನಾನು ನಕ್ಕು ‘ಬ್ಯಾಟರಿ ಬಗ್ಗೆ ಭಯ’ ಎಂಬ ಚೌಕಕ್ಕೆ ಗುರುತು ಹಾಕಿದೆ. ‘ಇತರೆ’ ಕಡೆ ನೋಡಲೂ ಇಲ್ಲ.

"ಒಂದೀಟ ಚಾ ಕುಡದ ಹೋಗ್ರಿ, ಇನ್ನೂ ಮಾತು ಅದಾವು" ಎಂದು ಅವರ ಹೆಂಡತಿ ಕಾಶವ್ವ ಕಾಕು ಗುಡಿಸಲ ಬಾಗಿಲಿನಿಂದ ಕರೆದರು. ನನಗೆಲ್ಲಿಯ ಪುರುಸೊತ್ತು. ಇನ್ನೂ ಮೂವರನ್ನು ಮುಗಿಸಬೇಕಿತ್ತು.

ಕಾಶವ್ವ ಕಾಕು ದಿನಾ ಬೆಳಗ್ಗೆ ಒಬ್ಬರೇ ಬುಟ್ಟಿದೋಣಿಯಲ್ಲಿ ಹೊಳೆಗಿಳಿದು ಮೀನಿನ ಬಲೆ ಎತ್ತುತ್ತಿದ್ದರು. ಇದು ನನಗೆ ಗೊತ್ತಿತ್ತು. ಎಷ್ಟೋ ಸಲ ನಡುಹೊಳೆಯಲ್ಲಿ ಅವರಿಗೆ ಕೈಬೀಸಿದ್ದೆ. ಗೊತ್ತಿದ್ದದ್ದನ್ನು ಬರೆಯಬೇಕಾದ ಜಾಗದಲ್ಲಿ ಬರೆಯಲಿಲ್ಲ, ಅಷ್ಟೆ.

ಪ್ರಯೋಗಕ್ಕೆಂದು ಒಂದು ಕರೆಂಟಿನ ಬೋಟು ಬಂತು. ಒಬ್ಬೊಬ್ಬ ಮಾಲಕರು ಒಂದೊಂದು ವಾರ ನಡೆಸಬೇಕು. ಕಾಕಾ ಅವರ ಪಾಳಿ ಬಂದದ್ದು ಚಳಿಗಾಲದಲ್ಲಿ. ಮೂರನೆಯ ದಿನ ಬೆಳಗ್ಗೆ ಹೊಳೆಯ ಮೇಲೆ ಎಂಥ ಮಂಜು ಬಿದ್ದಿತ್ತೆಂದರೆ, ನಾನು ಚಾಚಿದ ಛತ್ರಿಯ ತುದಿ ನನಗೇ ಕಾಣಿಸುತ್ತಿರಲಿಲ್ಲ.

"ಇವತ್ತ ಈಗ ಬ್ಯಾಡ್ರಿ ಅಕ್ಕಾರ. ಬಿಸಲ ಏರಲಿ," ಎಂದರು ಕಾಕಾ.

"ಮಕ್ಕಳ ಪರೀಕ್ಷಾ ಐತಿ ಕಾಕಾ. ಬ್ಯಾಟರಿ ತುಂಬೇತಿ, ಇನ್ನ ಯಾತರ ಅಂಜಿಕಿ?" ಎಂದೆ. ಎಲ್ಲರೆದುರಿಗೆ, ಸ್ವಲ್ಪ ಚುಚ್ಚುವ ಹಾಗೇ ಎಂದೆ. ಅವರು ನನ್ನ ಮುಖ ನೋಡಿದರು, ಹಗ್ಗ ಬಿಚ್ಚಿದರು.

ಬೋಟು ಹೊರಟದ್ದೇ ತಿಳಿಯಲಿಲ್ಲ. ನೀರು ಸರಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ಸುಖವಾಗಿ ಉಸಿರೆಳೆದುಕೊಂಡು ಪಕ್ಕದವಳಿಗೆ ಏನೋ ಹೇಳಲಿದ್ದೆ, ಅಷ್ಟರಲ್ಲಿ ಕಾಕಾ ಮೋಟಾರು ಬಂದ್ ಮಾಡಿದರು. ಎದ್ದು ನಿಂತು, "ಕಾಶವ್ವಾ" ಎಂದು ಕೂಗಿದರು. ಮತ್ತೆ ಕೂಗಿದರು. ಅಷ್ಟು ವರ್ಷ ದಾಟಿದ್ದರೂ ನಡುಹೊಳೆಯಲ್ಲಿ ಅವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಯಾವ ಕಡೆಯಿಂದಲೂ ಉತ್ತರವಿಲ್ಲ. ಬೋಟು ಹರಿವಿಗೆ ಸಿಕ್ಕು ತಾನಾಗಿಯೇ ಮುಂದೆ ಸರಿಯುತ್ತಿತ್ತು.

"ಸುಮ್ಮ ಕುಂಡ್ರಬ್ಯಾಡ್ರಿ, ಎಲ್ಲಾರೂ ಒದರ್ರಿ" ಎಂದರು.

ಆಗ ನನಗೆ ತಿಳಿಯಿತು. ಬಲೆ ಎತ್ತಲು ಹೊಳೆಗಿಳಿದ ಕಾಶವ್ವ ಕಾಕುವಿಗೆ ಮಂಜಿನಲ್ಲಿ ಕಣ್ಣು ಕೆಲಸಕ್ಕೆ ಬರುವುದಿಲ್ಲ. ಇಂಜಿನ್ನಿನ ಸಪ್ಪಳ ಕೇಳಿಯೇ ಆಕೆ ಬುಟ್ಟಿಯನ್ನು ದಾರಿಯಿಂದ ಸರಿಸಿಕೊಳ್ಳುವುದು. ಆ ಸಪ್ಪಳವನ್ನೇ ನಾವು ದಂಡೆಯಲ್ಲಿ ಬಿಟ್ಟು ಬಂದಿದ್ದೆವು. ಹಾಲಿನವನು ಕ್ಯಾನು ಬಡಿಯತೊಡಗಿದ. ಹೆಣ್ಣುಮಕ್ಕಳು ಕೂಗಿದರು. ನನಗೆ ಆ ಗಾಬರಿಯಲ್ಲಿ ಬಾಯಿಗೆ ಬಂದದ್ದು ಏಳರ ಮಗ್ಗಿ. ನಗಬೇಡಿ, ಏಳೊಂದಲ ಏಳರಿಂದ ಹಿಡಿದು ಗಂಟಲು ಹರಿಯುವಂತೆ ಒದರಿದೆ.

ಮಗ್ಗಿ ಮುಗಿಯುವ ಮೊದಲೇ, ಬೋಟಿನ ಮೂತಿಯಿಂದ ಮಾರುದೂರದಲ್ಲಿ ಮಂಜಿನೊಳಗಿಂದ ಮಾತು ಬಂತು: "ಯಾಕ ಹಿಂಗ ಹೊಯ್ಕೊಳ್ಳಾಕತ್ತೀರಿ? ಮೀನೆಲ್ಲಾ ಓಡಿ ಹೋದುವಲ್ಲಾ." ಕೈಯಲ್ಲಿದ್ದ ಹುಟ್ಟುಗೋಲಿನಿಂದ ನಮ್ಮ ಬೋಟನ್ನು ಒತ್ತಿ ದೂಡಿಕೊಂಡು ಕಾಶವ್ವ ಕಾಕು ಪಕ್ಕಕ್ಕೆ ಸರಿದರು. ಬಲೆ ತೊಡೆಯ ಮೇಲಿತ್ತು. "ಯಾರೋ ದಂಡಿ ಮ್ಯಾಲೆ ಕರದಂಗಾತು. ನಿಮ್ಮ ಬೋಟ್ ಇನ್ನಾ ಬಿಟ್ಟಿಲ್ಲ ಅಂತ ಕುಂತಿದ್ನಿ."

ಕಾಕಾ ಮತ್ತೆ ಮೋಟಾರು ಚಾಲೂ ಮಾಡಿದರು. ಆಚೆ ದಂಡೆಯಲ್ಲಿ ಹಗ್ಗ ಕಟ್ಟಿದರು. ನಾನು ಇಳಿಯದೆ ನಿಂತೆ. "ಅವತ್ತ ಯಾಕ ಹೇಳಲಿಲ್ಲರಿ ಕಾಕಾ?" ಎಂದು ಕೇಳಿದೆ.

"ಹೇಣ್ತಿ ಸಂಬಂಧ ಅಂಜತೇನಿ ಅಂತ ಸರಕಾರದ ಕಾಗದದಾಗ ಬರಸ್ಲೇನ್ರಿ?" ಎಂದರು.

ಫಾರ್ಮುಗಳು ಆಗಲೇ ಮೇಲೆ ಹೋಗಿದ್ದವು. ಕೆಲವು ತಿಂಗಳಿಗೆ ಉತ್ತರವೂ ಬಂತು: ಮಾಲಕರ ಭಯ ತಿಳಿದುಕೊಂಡು ಇನ್ನೂ ದೊಡ್ಡ ಬ್ಯಾಟರಿ ಕಳಿಸಿದ್ದರು. ಈಗ ಆ ಘಟ್ಟದಲ್ಲಿ ಓಡುವುದೆಲ್ಲ ಕರೆಂಟಿನ ಬೋಟುಗಳೇ. ಮಂಜಿದ್ದ ದಿನ ಎಲ್ಲರೂ ಮಾತಾಡುತ್ತಲೇ ದಾಟಬೇಕೆಂಬುದು ಕಾಕಾ ಮಾಡಿದ ಕಾಯಿದೆ. ನನಗೆ ವರ್ಗವಾಗಿ ಬನಹಟ್ಟಿಗೆ ಬಂದೆ. ಆದರೂ ಕಿಟಕಿಯಾಚೆ ಮಂಜು ಬೆಳ್ಳಗೆ ಕಂಡ ದಿನ ಬೆಳಗ್ಗೆ ನನಗೆ ಚಹಾ ಸೇರುವುದಿಲ್ಲ. ಕಾಕಾ ಅವರ ಮನೆಗೆ ಫೋನು ಮಾಡುತ್ತೇನೆ. ಕಾಶವ್ವ ಕಾಕು ಎತ್ತಿ, "ಅದೀನ್ರಿ, ಅದೀನಿ" ಎಂದ ಮೇಲೆಯೇ ಉಳಿದ ಕೆಲಸ.

ಇವತ್ತು ಹೊಸ ಕಟ್ಟು ಹಿಡಿದು ಮೊದಲ ಮನೆಗೆ ಹೋದೆ. ನೇಕಾರರು ಮಗ್ಗ ನಿಲ್ಲಿಸದೆಯೇ, "ಹೊಸಾದು ಬ್ಯಾಡ್ರಿ, ಕರೆಂಟ್ ಛಲೋ ಇಲ್ಲ" ಎಂದರು. ಪೆನ್ನು ತಾನಾಗಿಯೇ ‘ಕರೆಂಟಿನ ತೊಂದರೆ’ ಎಂಬ ಮೂರನೆಯ ಚೌಕದ ಮೇಲೆ ಹೋಗಿ ನಿಂತಿತು. ಇನ್ನೂ ಹತ್ತೊಂಬತ್ತು ಮನೆಗಳಿದ್ದವು. ಒಳಬಾಗಿಲಲ್ಲಿ ಅವರ ಹೆಂಡತಿ ಕಂಡಿಕೆಗೆ ನೂಲು ಸುತ್ತುವುದನ್ನು ನಿಲ್ಲಿಸಿ ಗಂಡನನ್ನು ನೋಡುತ್ತಿದ್ದರು. ನಾನು ಪೆನ್ನು ಮುಚ್ಚಿದೆ, ಚಪ್ಪಲಿ ಬಿಟ್ಟು ಒಳಗೆ ಹೋಗಿ ಚಾಪೆಯ ಮೇಲೆ ಕೂತೆ.

"ಅವ್ವಾರ," ಎಂದೆ, "ಒಂದೀಟ ಚಾ ಸಿಗತೈತೇನ್ರಿ?"