ಬಿಜಲಿಗೆ ಉಡಿ ತುಂಬಿದ್ದು

ಮೊದಲು ಬಿಸಿಯಾದದ್ದು ಕಾಲು.

ಬಿಜಲಿಯ ಮುಂಗಾಲಿನ ಗೊರಸಿನ ಮೇಲೆ ಅಂಗೈ ಇಟ್ಟೆ. ರೊಟ್ಟಿ ಸುಡಬಹುದಿತ್ತು. ಈ ಮಾತನ್ನು ಅವ್ವ ಒಪ್ಪುವುದಿಲ್ಲ. ರೊಟ್ಟಿ ಇರಲಿ, ಹಪ್ಪಳ ಕೂಡ ಸುಡುತ್ತಿರಲಿಲ್ಲ ಎನ್ನುತ್ತಾಳೆ. ಬಿಸಿ ಇದ್ದದ್ದಂತೂ ನಿಜ.

ಬಿಜಲಿ ನಮ್ಮ ಮನೆಯ ಬಿಳಿ ಹೆಣ್ಣು ಕುದುರೆ. ಅಜ್ಜ ಬ್ಯಾಡಗಿಯಲ್ಲಿ ಟಾಂಗಾ ಹೊಡೆಯುತ್ತಿದ್ದ. ಆಟೋ ಬಂದ ಮೇಲೆ ಅಪ್ಪ ಟಾಂಗಾ ಮಾರಿದ, ಕುದುರೆಗೆ ಜರಿಯ ಜೂಲು ಹೊದಿಸಿ ಮದುವೆ ಮೆರವಣಿಗೆಗೆ ಒಯ್ಯತೊಡಗಿದ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಎಷ್ಟು ಗಂಡುಗಳು ಅವಳ ಬೆನ್ನೇರಿ ಮನೆದೇವರನ್ನು ನೆನೆದಿದ್ದಾರೋ ಲೆಕ್ಕವಿಲ್ಲ. ಹತ್ತನೆಯ ಕ್ಲಾಸಿನ ಪರೀಕ್ಷೆ ಮುಗಿದಿತ್ತು, ರಜೆ. ಲಗಾಮು ಹಿಡಿಯುವವಳು ನಾನು. ಮದುಮಗನನ್ನು ನೋಡಲು ಬಂದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನನಗಂತೂ ಹಾಗೇ ಕಾಣುತ್ತಿತ್ತು.

ಆ ಬೆಳಿಗ್ಗೆ ಅವಳು ಮುಂಗಾಲು ಎರಡನ್ನೂ ಮುಂದೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲಿಗೆ ಕೊಟ್ಟು ನಿಂತಿದ್ದಳು. ಹೊಸ ಚಪ್ಪಲಿ ಕಚ್ಚಿದ ಮದುಮಗಳ ಹಾಗೆ. ನಕ್ಕುಬಿಟ್ಟೆ. ಹಗ್ಗ ಜಗ್ಗಿದೆ. ಒಂದು ಹೆಜ್ಜೆ ಇಟ್ಟಳು. ಮೈಯೆಲ್ಲ ನಡುಗಿತು.

ನನ್ನ ನಗು ಅಲ್ಲಿಗೇ ನಿಂತಿತು.

ಅಜ್ಜ ನೋಡಿ, ಸೊರಗಿದ್ದಾಳೆ, ಹುರುಳಿ ಹೆಚ್ಚು ಹಾಕಿ ಎಂದ. ಅಪ್ಪ ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟೂ ಬಿಟ್ಟ. ನಾನು ಅಂಗಡಿಯ ಕಾಯಿನ್ ಫೋನಿನಿಂದ ದನದ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಹಾವೇರಿಯಿಂದ ಬೈಕಿನಲ್ಲಿ ಬಂದು ಇಳಿದ ಕೂಡಲೇ ಸೀನಿದರು. ನಮ್ಮ ಮನೆ ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನ ಹಿಂದೆಯೇ ಇದೆ, ಹೊಸಬರಿಗೆ ಅದೇ ಸ್ವಾಗತ. ಏಳು ಸಲ ಸೀನಿದರು. ಓಣಿಯಲ್ಲಿ ನಾನು ಹದಿನೇಳು ಎಂದು ಹೇಳಿದ್ದೇನೆ.

ಕಣ್ಣೀರು ಒರೆಸಿಕೊಂಡು ಗೊರಸಿನ ಮೇಲ್ಭಾಗದಲ್ಲಿ ಬೆರಳಿಟ್ಟು ನಾಡಿ ನೋಡಿದರು. ಲ್ಯಾಮಿನೈಟಿಸ್ ಎಂದರು. ಕಾಳು ಅತಿಯಾದರೆ ಕುದುರೆಗೆ ಅರಗುವುದಿಲ್ಲ, ಕರುಳಿನಲ್ಲಿ ಹುಳಿಯುತ್ತದೆ, ಆ ವಿಷ ರಕ್ತದಲ್ಲಿ ಸೇರಿ ಗೊರಸಿನ ಒಳಗೆ ಬಾವು ತರುತ್ತದೆ. ಒಳಗಿನ ಎಲುಬು ಸರಿದರೆ ಕುದುರೆ ಮತ್ತೆ ನಿಲ್ಲುವುದು ಕಷ್ಟ. ಹೀಗೆ ಹೇಳುತ್ತಲೇ ಒಲೆಯ ಕಡೆ ನೋಡಿ, ಆ ಪಾತ್ರೆ ಇಳಿಸಿ ಎಂದರು.

"ಏನೇನ ತಿನ್ಸೀರಿ?"

"ದಿನಾ ಹಾಕೂದ ಹಾಕೇನ್ರಿ ಸಾಹೇಬ್ರ. ಒಂದ ಸೇರು ಹುರುಳಿ, ಹುಲ್ಲು, ನೀರು," ಎಂದ ಅಪ್ಪ.

"ಅಷ್ಟಕ್ಕ ಹಿಂಗ ಆಗೂದಿಲ್ಲ. ಖರೇ ಹೇಳಿದ್ರ ಕುದುರಿ ಉಳೀತೈತಿ."

ಸುಳ್ಳು ಹೇಳದ ಅಪ್ಪ ತಲೆ ತಗ್ಗಿಸಿ ನಿಂತ. ಸುಳ್ಳಿನಲ್ಲಿ ಪಳಗಿದ ನಾನು ಪಕ್ಕದಲ್ಲೇ ನಿಂತಿದ್ದೆ.

ಎಲ್ಲ ಶುರುವಾದದ್ದು ರಾಣೆಬೆನ್ನೂರಿನ ಒಂದು ಮದುವೆಯಲ್ಲಿ. ಹೆಂಗಸರು ಮದುಮಗಳಿಗೆ ಉಡಿ ತುಂಬುತ್ತಿದ್ದರು. ನಾನು ಸುಮ್ಮನಿರಬೇಕಲ್ಲ? ನಮ್ಮ ಬಿಜಲಿಯೂ ಹೆಣ್ಣೇ, ಹೆಣ್ಣುಮಗಳನ್ನು ಬರೀ ಉಡಿಯಲ್ಲಿ ಕಳಿಸುತ್ತೀರಾ ಎಂದು ಕೇಳಿದೆ. ಎಲ್ಲರೂ ನಕ್ಕರು. ಒಬ್ಬ ಅಜ್ಜಿ ಮಾತ್ರ ನಗಲಿಲ್ಲ. ಎದ್ದು ಹೋಗಿ ಗೋಧಿ, ಬೆಲ್ಲ, ಕೊಬ್ಬರಿ ಬಟ್ಟಲು, ಒಂದು ಖಣ ತಂದಳು. ಕುದುರೆಗೆ ಸೆರಗು ಎಲ್ಲಿಂದ ಬರಬೇಕು? ನನ್ನ ಓಢಣಿ ಒಡ್ಡಿದೆ. ಗೋಧಿ ಬೆಲ್ಲ ಅವಳಿಗೆ, ಕುಪ್ಪಸದ ಖಣ ನನಗೆ.

ಆಮೇಲೆ ಪ್ರತಿ ಮದುವೆಯಲ್ಲೂ ಅದೇ ಮಾತು, ಅದೇ ನಗು, ಅದೇ ಉಡಿ. ಸುದ್ದಿ ಹರಡಿ ಅಗಡಿ ಊರಿನವರು ನಾನು ಬಾಯಿ ತೆರೆಯುವ ಮೊದಲೇ ಮೊರದಲ್ಲಿ ಗೋಧಿ ತುಂಬಿಕೊಂಡು ನಿಂತಿದ್ದರು. ಉಡಿಯ ಕಾಳನ್ನು ಚೆಲ್ಲಬಾರದು, ಪಡೆದವರೇ ಉಣ್ಣಬೇಕು. ಶಾಸ್ತ್ರದ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಅಪ್ಪ ಊಟಕ್ಕೆ ಕುಳಿತಾಗ ಮಂಟಪದ ಹಿಂದೆ ಒಂದು ಕಾಳೂ ಬಿಡದೆ ತಿನ್ನಿಸುತ್ತಿದ್ದೆ. ಕೆಲವು ದಿನಗಳಿಂದ ಅವಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಬೆವರಿ ಕುಣಿಯುತ್ತಿದ್ದಳು. ಕುಣಿತ ಕಲಿಸಿದ್ದು ನಾನೇ ಎಂದು ಹೇಳಿಕೊಂಡೆ. ಲದ್ದಿ ತೆಳ್ಳಗಾದಾಗ ಬ್ಯಾಂಡಿನವರ ಡೋಲಿನ ಮೇಲೆ ತಪ್ಪು ಹೊರಿಸಿದೆ. ಕಾಲು ಬಿಸಿಯಾದ ಆ ವಾರವಂತೂ ಮೂರು ದಿನ, ಮೂರು ಮದುವೆ, ಮೂರು ಉಡಿ.

ಒಳಗೆ ಹೋಗಿ ನನ್ನ ಟ್ರಂಕಿನಿಂದ ಹನ್ನೊಂದು ಖಣ ತಂದು ಡಾಕ್ಟರ ಮುಂದೆ ಇಟ್ಟೆ. ಎಲ್ಲ ಹೇಳಿದೆ. ಜನ್ಮದಲ್ಲಿ ಮೊದಲ ಸಲ ಏನನ್ನೂ ಸೇರಿಸದೆ ಹೇಳಿದೆ.

ಅಪ್ಪ ಖಣಗಳನ್ನು ಒಂದೊಂದಾಗಿ ಎಣಿಸಿದ. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರು ಸೂಜಿಗೆ ಔಷಧ ಎಳೆಯುತ್ತ ನನ್ನನ್ನು ನೋಡಿದರು. "ಉಡಿ ತುಂಬೀದಿ, ಛಲೋ ಆತು. ಇನ್ನ ಬಾಣಂತನಾನೂ ನೀನ ಮಾಡವಾ ತಂಗಿ."

ಮಾಡಿದೆ. ಕಾಳು ಪೂರ್ತಿ ಬಂದ್. ನೆನೆಸಿದ ಒಣ ಹುಲ್ಲು, ಸ್ವಲ್ಪ ಸ್ವಲ್ಪವೇ, ದಿನಕ್ಕೆ ನಾಲ್ಕು ಸಲ. ಕಾಲಡಿ ದಪ್ಪಗೆ ಉಸುಕು. ಮೂರು ದಿನ ಮುಂಗಾಲು ಐಸ್ ನೀರಿನ ಬಕೆಟ್ಟಿನಲ್ಲಿ. ಮಾರ್ಕೆಟ್ಟಿನ ಕೋಲ್ಡ್ ಸ್ಟೋರೇಜಿನಲ್ಲೇ ನಿಲ್ಲಿಸೋಣ ಎಂದೆ. ಮೆಣಸಿನಕಾಯಿ ಚೀಲಗಳ ನಡುವೆ ಕುದುರೆ ಸೀನಿದರೆ ಗೋಡೆ ಉಳಿಯುತ್ತದೆಯೇ ಎಂದು ಅಜ್ಜ ಕೇಳಿದ. ಕೊನೆಗೆ ಐಸ್‌ಕ್ಯಾಂಡಿಯವನು ಮುರಿದ ಕ್ಯಾಂಡಿಗಳನ್ನೂ ಸೇರಿಸಿ ಐಸ್ ಕೊಟ್ಟ. ಬಿಜಲಿಯ ಒಂದು ಕಾಲು ವಾರವಿಡೀ ಗುಲಾಬಿಯಾಗಿತ್ತು. ಖಾಲಿ ಗೋಣಿ ಮೂಸಿ ಅವಳು ನನ್ನ ಜಡೆಯನ್ನೇ ಹುಲ್ಲೆಂದು ಎಳೆದಳು.

"ನನ್ನ ಬಾಣಂತನದಾಗೂ ಇಷ್ಟ ಮಂದಿ ಓಡ್ಯಾಡಿದ್ದಿಲ್ಲ," ಎಂದಳು ಅವ್ವ.

ನಾಲ್ಕನೆಯ ದಿನ ಮಧ್ಯಾಹ್ನ ಬಂದು ನೋಡಿದರೆ ಅವಳು ಉಸುಕಿನ ಮೇಲೆ ಕಾಲು ಚೆಲ್ಲಿ ಮಲಗಿದ್ದಳು. ಕುತ್ತಿಗೆ ಅಲುಗಲಿಲ್ಲ.



ಹತ್ತಿರ ಹೋದೆ. ಗೊರಕೆ ಹೊಡೆಯುತ್ತಿದ್ದಳು. ನಮ್ಮಜ್ಜನಿಗಿಂತ ಜೋರಾಗಿ, ಇದರಲ್ಲಿ ಹಿಗ್ಗಿಸಿದ್ದು ಏನೂ ಇಲ್ಲ. ಅಲ್ಲೇ ಕುಳಿತು ಅತ್ತೆ. ಯಾರೂ ನೋಡಲಿಲ್ಲ, ಆದ್ದರಿಂದ ಸ್ವಲ್ಪವೇ ಅತ್ತೆ ಎಂದು ಬರೆಯಬಹುದು.

ಎಲುಬು ಸರಿದಿರಲಿಲ್ಲ. ಲಾಳ ಬಡಿಯುವವನು ಬಂದು ಗೊರಸು ಕೆತ್ತಿ ಹೋದ. ಎರಡು ತಿಂಗಳಲ್ಲಿ ಅವಳು ಅಂಗಳದಲ್ಲಿ ನೇರವಾಗಿ ನಡೆದಳು. ಆದರೆ ಇನ್ನು ಮುಂದೆ ಇವಳಿಗೆ ಕಾಳು ಬೇಡವೇ ಬೇಡ, ಹುರುಳಿಯೂ ಬೇಡ, ಒಮ್ಮೆ ಬಂದದ್ದು ಮತ್ತೆ ಬರಬಹುದು ಎಂದರು ಡಾಕ್ಟರು.

ದೀಪಾವಳಿ ಕಳೆದ ಮೇಲೆ ಕಾಯಿಲೆಯ ನಂತರದ ಮೊದಲ ಮದುವೆ, ಅಗಡಿಯಲ್ಲಿ. ಬಿಜಲಿ ಕುಣಿಯಲಿಲ್ಲ. ಟೀಚರಮ್ಮನ ಹಾಗೆ ನಡೆದಳು. ಒಬ್ಬ ಮುದುಕಿ ಗೋಧಿಯ ಮೊರ ಹಿಡಿದು ಬಂದೇ ಬಿಟ್ಟಳು. ಇವಳಿಗೆ ಕಾಳು, ಬೆಲ್ಲ ಆಗುವುದಿಲ್ಲ ಎಂದೆ.

"ಸಕ್ರಿ ಕಾಯಿಲೇನ ಯವ್ವಾ? ನಮ್ಮ ಮನ್ಯಾವ್ರಿಗೂ ಐತಿ," ಎಂದು ಮರುಗಿ, ಬಣವೆಯಿಂದ ಒಂದು ಹಿಡಿ ಒಣ ಹುಲ್ಲು ಹಿರಿದು, ಅದಕ್ಕೆ ಅರಿಶಿನ ಕುಂಕುಮ ತೋರಿಸಿ ನನ್ನ ಓಢಣಿಯಲ್ಲಿ ಹಾಕಿದಳು. ಖಣ ಬೇಡವೆಂದೆ. ಎರಡನೆಯ ಸಲ ಕೊಟ್ಟಾಗ ತೆಗೆದುಕೊಂಡೆ.

ಮಾರನೆಯ ಬೆಳಿಗ್ಗೆ, ದಿನಾ ಮಾಡುವ ಹಾಗೆ, ಅವಳ ಗೊರಸಿನ ಮೇಲೆ ಅಂಗೈ ಇಟ್ಟೆ. ಐಸಿನಂತೆ ಎಂದು ಹೇಳುವ ಆಸೆ ಇದೆ.

ತಣ್ಣಗಿತ್ತು. ಅಷ್ಟೇ ಸಾಕು.